ಪುಣ್ಯಕೋಟಿಯ ಕರು, ಮಾಂಬಳದ ಮಗು

ಕನ್ನಡ ಮತ್ತು ಮಲಯಾಳಗಳ ನಡುವೆ ಬೆಳೆಯುವ ನಮ್ಮ ಕಾಸರಗೋಡಿನ ಮಕ್ಕಳಿಗೆ ಕಾವ್ಯದ ಇಬ್ಬರು ತಾಯಂದಿರ ಪರಿಚಯವಾಗುತ್ತದೆ. ಒಬ್ಬಳು 'ಗೋವಿನ ಹಾಡಿ'ನ ಪುಣ್ಯಕೋಟಿ. ಇನ್ನೊಬ್ಬಳು ವೈಲೋಪ್ಪಿಳ್ಳಿ ಶ್ರೀಧರ ಮೇನೋನರ (1911–1985) 'ಮಾಂಬಳಂ' ಕವಿತೆಯ ಹೆಸರಿಲ್ಲದ ತಾಯಿ. ಮೊದಲನೆಯದು ಕರ್ತೃ ಯಾರೆಂದು ತಿಳಿಯದ ಜನಪದ ಕಥನಗೀತ. ಎರಡನೆಯದು 1936ರಲ್ಲಿ ಪ್ರಕಟವಾಗಿ ಮಲಯಾಳಿಗಳಿಗೆ ಕಂಠಸ್ಥವಾದ, ಕೇಕಾ ವೃತ್ತದ ಸಣ್ಣ ಕವಿತೆ. ಎರಡನ್ನು ಕೇಳುವಾಗಲೂ ಹಿರಿಯರ ಕಣ್ಣು ತೇವವಾಗುತ್ತದೆ. ಆದರೆ ನಾವು ಅಷ್ಟಕ್ಕೇ ನಿಂತುಬಿಡುತ್ತೇವೆ. ಪುಣ್ಯಕೋಟಿಯನ್ನು ಸತ್ಯಕ್ಕೂ ಮಾಂಬಳದ ತಾಯಿಯನ್ನು ಪಶ್ಚಾತ್ತಾಪಕ್ಕೂ ಒಪ್ಪಿಸಿ ಪುಸ್ತಕ ಮುಚ್ಚುತ್ತೇವೆ. ಈ ಎರಡರಲ್ಲಿ ಮಗುವೂ ಇದೆ. ಆ ಮಗುವಿನ ದುಃಖ, ಸಿಟ್ಟು, ಹಠಗಳು ತಾಯಿಯ ಕೈಯಲ್ಲಿ ಏನಾಗುತ್ತವೆ ಎಂಬುದೇ ಈ ಕೃತಿಗಳ ಜೀವಾಳವೆಂದು ನನ್ನ ಅನಿಸಿಕೆ.

ಪುಣ್ಯಕೋಟಿ ಹುಲಿಯಲ್ಲಿ ಅವಧಿ ಬೇಡುವುದು ಕರುವಿಗೆ ಹಾಲುಣಿಸಿ ಬರುವುದಕ್ಕೆ. ಬರಿಯ ಹಾಲಿನ ಮಾತಾಗಿದ್ದರೆ ಏನೂ ತಿಳಿಸದೆ ಹಿಂದಿರುಗಬಹುದಿತ್ತು. ಅನೇಕ ಹಿರಿಯರು ಮಕ್ಕಳೊಡನೆ ಮಾಡುವುದು ಹಾಗೆಯೇ. ಸಾವನ್ನು 'ದೂರದ ಊರು' ಎಂದು ಹೇಳಿ ಮುಗಿಸುತ್ತಾರೆ. ಪುಣ್ಯಕೋಟಿ ತಾನು ಸಾಯಲು ಹೋಗುವುದನ್ನು ಕರುವಿಗೆ ಹೇಳಿಯೇ ಹೋಗುತ್ತಾಳೆ. ಆಗ ಕರು ಕೇಳುವ ಪ್ರಶ್ನೆಗಳನ್ನು ಗಮನಿಸಬೇಕು. ಇನ್ನು ಹಾಲು ಕುಡಿಯುವುದು ಎಲ್ಲಿ, ಮಲಗುವುದು ಯಾರ ಹತ್ತಿರ, ತನ್ನವರೆಂದು ಯಾರಿದ್ದಾರೆ? ಮಗುವಿಗೆ ಸಾವು ವೇದಾಂತವಲ್ಲ. ಹೊಟ್ಟೆಯ, ಹಾಸಿಗೆಯ, ಸಂಗಾತದ ಪ್ರಶ್ನೆ. ತಾಯಿಯ ಉತ್ತರವೂ ಅಷ್ಟೇ ನೆಲದ ಮೇಲಿನದು. ದೊಡ್ಡಿಯ ಇತರ ಹಸುಗಳತ್ತ ತಿರುಗಿ, ಈ ಕರುವನ್ನು ಹಾಯದೆ, ಒದೆಯದೆ ನಿಮ್ಮದೆಂದು ನೋಡಿಕೊಳ್ಳಿ ಎಂದು ಒಪ್ಪಿಸುತ್ತಾಳೆ. ತನ್ನ ಸಂಕಟವನ್ನು ಅವಳು ಬಚ್ಚಿಡುವುದಿಲ್ಲ, ಕರುವನ್ನು ತಬ್ಬಿಕೊಳ್ಳುತ್ತಾಳೆ. ಹಾಗೆಂದು ತನ್ನ ಸಂಕಟದಲ್ಲಿ ಮುಳುಗಿ ಕರುವಿನ ಪ್ರಶ್ನೆಯನ್ನು ಮರೆಯುವುದೂ ಇಲ್ಲ. ದುಃಖವನ್ನು ಬಾಯಿಬಿಟ್ಟು ಹೇಳಬಹುದು, ಹೇಳಿದರೆ ಕೇಳುವವರಿದ್ದಾರೆ ಎಂಬುದನ್ನು ಕರು ಆ ದೊಡ್ಡಿಯಲ್ಲಿ ಕಲಿಯುತ್ತದೆ. ಸತ್ಯದ ಪಾಠ ಹುಲಿಯ ಎದುರಿನದು. ಈ ಪಾಠ ದೊಡ್ಡಿಯದು. ಶಾಲೆಗಳಲ್ಲಿ ನಾವು ಹೇಳಿಕೊಡುವುದು ಹುಲಿಯ ಎದುರಿನದನ್ನು ಮಾತ್ರ.

'ಮಾಂಬಳಂ' ಇದಕ್ಕೆ ಇದಿರಾಗಿ ನಿಲ್ಲುವ ಕವಿತೆಯಂತೆ ಮೊದಲ ನೋಟಕ್ಕೆ ಕಾಣುತ್ತದೆ. ಬಹುದಿನ ಕಾದ ಮೇಲೆ ಅಂಗಳದ ಎಳೆಯ ಮಾವು ಹೂ ಬಿಟ್ಟಿದೆ. ಪುಟ್ಟ ಮಗ ಒಂದು ಹೂಗೊಂಚಲನ್ನು ಮುರಿದು, ಸುರುಸುರುಬತ್ತಿ ಹಿಡಿದವನ ಸಂಭ್ರಮದಲ್ಲಿ ತಾಯಿಯ ಬಳಿಗೆ ಓಡಿ ಬರುತ್ತಾನೆ. ಅವಳಿಗೆ ಕಾಣುವುದು ಹಾಳಾದ ಫಸಲು. ಗದರುತ್ತಾಳೆ. ಹಣ್ಣು ಬಿದ್ದಾಗ ಹೆಕ್ಕಲು ಓಡುವವನು ನೀನೇ ತಾನೆ, ಹೂ ಮುರಿದದ್ದಕ್ಕೆ ಪೆಟ್ಟು ಕೊಡಬೇಕು ಎನ್ನುತ್ತಾಳೆ. ಮಗುವಿನ ಮುಖ ಬಾಡುತ್ತದೆ. ಹಣ್ಣು ಹೆಕ್ಕಲು ತಾನು ಬರುವುದೇ ಇಲ್ಲವೆಂದು ಗೊಂಚಲನ್ನು ನೆಲಕ್ಕೆಸೆಯುತ್ತದೆ. ಹಣ್ಣು ಬೀಳುವ ಮೊದಲೇ ಮಗು ತೀರಿಕೊಳ್ಳುತ್ತದೆ. ನಾಲ್ಕು ತಿಂಗಳ ಬಳಿಕ ಮೊದಲ ಹಣ್ಣು ಬಿದ್ದಾಗ, ಅದನ್ನು ಮಗುವನ್ನು ಮಣ್ಣು ಮಾಡಿದ ಜಾಗದಲ್ಲಿಟ್ಟು ತಾಯಿ ಕರೆಯುತ್ತಾಳೆ.

ಎಂ. ಎನ್. ವಿಜಯನ್ ಅವರು ಈ ಕವಿತೆಯನ್ನು ಮನೋವಿಶ್ಲೇಷಣೆಯ ಬೆಳಕಿನಲ್ಲಿ ಓದಿದ್ದು ಮಲಯಾಳದ ಓದುಗರಿಗೆ ತಿಳಿದದ್ದೇ. ನನ್ನ ಓದು ಅಷ್ಟು ಆಳಕ್ಕೆ ಇಳಿಯುವಂಥದಲ್ಲ. ಆದರೆ ಸಾಮಾನ್ಯ ಓದುಗರು ಈ ಕವಿತೆಯಿಂದ ತೆಗೆಯುವ ನೀತಿ, ಅಂದರೆ 'ತಾಯಿ ಮಗುವಿಗೆ ಗದರಬಾರದಿತ್ತು' ಎಂಬುದು, ಕವಿತೆಗೆ ಮಾಡುವ ಅನ್ಯಾಯ. ಮಣ್ಣಿನ ಮುಂದೆ ನಿಂತು ತಾಯಿ ನೆನೆಯುವುದೇನು? ಮುನಿದು ಹೋದರೂ ತಾನು ಕರೆದಾಗ ನಾಚುತ್ತ ನಾಚುತ್ತ ಉಣ್ಣಲು ಬರುತ್ತಿದ್ದವನಲ್ಲವೇ ನೀನು ಎಂದು. ಇಡೀ ಕವಿತೆ ತಿರುಗುವುದು ಈ ನೆನಪಿನ ಸುತ್ತ. ಆ ಮನೆಯಲ್ಲಿ ಗದರುವುದು ಇತ್ತು, ಮುನಿಸು ಇತ್ತು, ಮತ್ತೆ ಕರೆಯುವುದೂ ಇತ್ತು. ಸಿಟ್ಟು ಬರುತ್ತದೆ, ಹೋಗುತ್ತದೆ, ಪ್ರೀತಿ ಉಳಿಯುತ್ತದೆ ಎಂಬುದನ್ನು ಆ ಮಗು ಊಟದ ಕರೆಯಿಂದಲೇ ಕಲಿಯುತ್ತಿತ್ತು. ಕವಿತೆಯ ನೋವು ಇರುವುದು ಗದರಿಕೆಯಲ್ಲಿ ಅಲ್ಲ. ಆ ಒಂದು ಮುನಿಸಿನ ನೆನಪು ಮುನಿಸಾಗಿಯೇ ಉಳಿದು, ಕರೆದಾಗ ಓಗೊಡಲು ಮಗು ಇಲ್ಲವಾದದ್ದರಲ್ಲಿ. ಕೊನೆಗೆ ತಂಗಾಳಿಯೊಂದು ಬಂದು ತಾಯಿಯನ್ನು ಸೋಕುವಾಗ, ಮಗು ಎಂದಿನಂತೆ ಕರೆಗೆ ಬಂತು ಎಂದೇ ನಾನು ಓದಿಕೊಳ್ಳುತ್ತೇನೆ.

ಈ ಓದಿಗೆ ನನ್ನ ಬಾಲ್ಯವೂ ಕಾರಣವಿರಬಹುದು. ನನ್ನ ಅಮ್ಮ ಮಕ್ಕಳೊಡನೆ 'ತಪ್ಪಾಯಿತು' ಎಂದವರಲ್ಲ. ಬೈದು, ಕೆಲವೊಮ್ಮೆ ಬೆತ್ತವನ್ನೂ ಹಿಡಿದು, ಅರ್ಧ ಗಂಟೆಯ ಬಳಿಕ ಅಡುಗೆಮನೆಯಿಂದ 'ಗಂಜಿ ತಣಿತಾ ಉಂಟು, ಬಾ' ಎಂದು ಕರೆಯುತ್ತಿದ್ದರು. ಬಟ್ಟಲಿನ ಬದಿಯಲ್ಲಿ ಉಪ್ಪಿನಕಾಯಿಯ ಮಿಡಿ ಅಂದು ಒಂದು ಹೆಚ್ಚೇ ಇರುತ್ತಿತ್ತು. ಅದೇ ಕ್ಷಮಾಪಣೆ.

ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ನೆನಪಾಗುತ್ತದೆ. ಕೂಸಿನೊಡನೆ ನಕ್ಕು ಆಡುತ್ತಿದ್ದ ತಾಯಿ, ಹೇಳಿಕೊಟ್ಟಂತೆ, ಕೆಲವು ನಿಮಿಷ ಮುಖವನ್ನು ಕಲ್ಲಿನಂತೆ ಇರಿಸಿಕೊಳ್ಳುತ್ತಾಳೆ. ಕೂಸು ಅವಳನ್ನು ಮರಳಿ ಪಡೆಯಲು ಪಾಡುಪಟ್ಟು, ಆಗದೆ ಮುಖ ತಿರುಗಿಸುತ್ತದೆ. ತಾಯಿ–ಮಗುವಿನ ನಡುವೆ ತಾಳ ತಪ್ಪುವುದು ಸಹಜ, ತಪ್ಪಿದ ತಾಳವನ್ನು ಮತ್ತೆ ಕೂಡಿಸುವುದರಲ್ಲೇ ಮಗುವಿನ ಮನಸ್ಸು ಬಲಿಯುತ್ತದೆ ಎಂದು ಟ್ರಾನಿಕ್ ಮುಂದೆ ವಾದಿಸಿದರು. ವೈಲೋಪ್ಪಿಳ್ಳಿಯವರು ಅದಕ್ಕಿಂತ ನಾಲ್ಕು ದಶಕ ಮೊದಲೇ ಇದನ್ನು ಒಂದು ಊಟದ ಕರೆಯಲ್ಲಿ ಹಿಡಿದಿದ್ದರು.

ಎರಡು ಕೃತಿಗಳಲ್ಲೂ ನನಗೊಂದು ಕೊರತೆ ಕಾಣುತ್ತದೆ. ಎರಡರಲ್ಲೂ ತಂದೆಗೆ ಸ್ಥಾನವಿಲ್ಲ. ಮಗುವಿನ ಮನಸ್ಸಿನ ಭಾರವೆಲ್ಲ ತಾಯಿಯೊಬ್ಬಳ ಹೆಗಲಿಗೆ. ಆದರೆ ಇಲ್ಲಿಯೇ ಇಬ್ಬರ ನಡುವೆ ನಿಜವಾದ ವ್ಯತ್ಯಾಸವೂ ಇದೆ. ಪುಣ್ಯಕೋಟಿಗೆ ಅಕ್ಕತಂಗಿಯರ ದೊಡ್ಡಿಯಿತ್ತು. ಕರುವನ್ನು ಒಪ್ಪಿಸಲು ಜನವಿತ್ತು. ಮಾಂಬಳದ ತಾಯಿಯ ಪಕ್ಕದಲ್ಲಿ ಹಿರಿಯರೊಬ್ಬರೂ ಕವಿತೆಯಲ್ಲಿ ಕಾಣಿಸುವುದಿಲ್ಲ. ನೆರೆಮನೆಯ ಮಕ್ಕಳು ತಮ್ಮ ಮಾವಿನ ಮರಗಳ ಕೆಳಗೆ ನಲಿಯುತ್ತಿರುವಾಗ ಅವಳು ಒಂಟಿಯಾಗಿ ಅಳುತ್ತಾಳೆ. ಒಬ್ಬಳು ಸಹನೆಯ ಮೂರ್ತಿ, ಇನ್ನೊಬ್ಬಳು ಸಿಡುಕಿ ಎನ್ನುವ ಮೊದಲು ಈ ವ್ಯತ್ಯಾಸವನ್ನು ತೂಗಿ ನೋಡಬೇಕು. ಸಭೆಗಳಲ್ಲಿ ತಾಯಿಯನ್ನು ದೇವರೆಂದು ಹೊಗಳಿ, ಮನೆಯಲ್ಲಿ ಮಗು ಹಠ ಮಾಡಿದರೆ 'ಇದು ನಿನ್ನ ಸಲುಗೆ' ಎಂದು ಅವಳತ್ತಲೇ ಬೆರಳು ತೋರಿಸುವ ನಾವು, ಆ ದೊಡ್ಡಿಯ ಇತರ ಹಸುಗಳಷ್ಟಾದರೂ ಹೊಣೆ ಹೊತ್ತಿದ್ದೇವೆಯೇ?

ಎರಡೂ ಭಾಷೆ ಬಲ್ಲ ನಮ್ಮ ಊರಿನ ಅಧ್ಯಾಪಕರು ಈ ಎರಡು ಕೃತಿಗಳನ್ನು ಒಂದೇ ದಿನ ತರಗತಿಯಲ್ಲಿ ಓದಿಸಬೇಕೆಂದು ನನ್ನ ಆಸೆ. ಕೊನೆಯಲ್ಲಿ ನೀತಿ ಹೇಳುವುದು ಬೇಡ. ಮುನಿಸಿಕೊಂಡಾಗ ನಿಮ್ಮನ್ನು ಊಟಕ್ಕೆ ಕರೆಯುವವರು ಯಾರು ಎಂದು ಮಕ್ಕಳನ್ನು ಕೇಳಿದರೆ ಸಾಕು.