ವಿಗ್‌ನ ಕೆಳಗೆ ಒಂದು ತಲೆಯಿತ್ತು

ನಮ್ಮ ಕಾಲೇಜುಗಳ ವಾರ್ಷಿಕೋತ್ಸವಕ್ಕೆ 'ರೆಟ್ರೋ ಡೇ' ಎಂಬುದು ಬಂದು ಸೇರಿಕೊಂಡು ಬಹಳ ವರ್ಷಗಳಾದವು. ಹುಡುಗರು ಬೆಲ್ ಬಾಟಮ್ ಪ್ಯಾಂಟು ತೊಟ್ಟು, ಆನೆಕಿವಿಯಷ್ಟು ಅಗಲದ ಕಾಲರಿನ ಅಂಗಿ ಹಾಕಿಕೊಂಡು ಬರುತ್ತಾರೆ. ಅವರಲ್ಲೊಬ್ಬ ಗುಂಗುರು ಕೂದಲಿನ ದೊಡ್ಡ ಚೆಂಡಿನಂಥ ವಿಗ್ ಇಟ್ಟುಕೊಂಡು ವೇದಿಕೆ ಹತ್ತುತ್ತಾನೆ. ಅವನಿನ್ನೂ ಹೆಜ್ಜೆ ಹಾಕಿರುವುದಿಲ್ಲ, ಸಭೆ ನಗಲು ಶುರು ಮಾಡಿರುತ್ತದೆ. ನಾವೂ ನಕ್ಕಿದ್ದೇವೆ. ಆ ವಿಗ್ ಎಲ್ಲಿಂದ ಬಂತು ಎಂದು ಕೇಳಿದರೆ ಟಿ.ವಿ.ಯಲ್ಲಿ ನೋಡಿದ್ದು ಎನ್ನುತ್ತಾರೆ. ಟಿ.ವಿ.ಗೆ ಅದು ಎಲ್ಲಿಂದ ಬಂತು ಎಂಬುದು ನಮ್ಮ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಅಮೆರಿಕಕ್ಕೇ ಹೋಗಬೇಕು.

ಎಪ್ಪತ್ತರ ದಶಕವನ್ನು ನೆನೆದು ಹಿಗ್ಗುವ ಚಾಳಿಯನ್ನು ಜಗತ್ತಿಗೆಲ್ಲ ಹಂಚಿದ ಧಾರಾವಾಹಿಗಳಲ್ಲಿ 1998ರಿಂದ 2006ರವರೆಗೆ ಬಂದ 'ದಟ್ ಸೆವೆಂಟೀಸ್ ಷೋ' ಮುಖ್ಯವಾದುದು. ವಿಸ್ಕಾನ್ಸಿನ್ ರಾಜ್ಯದ ಒಂದು ಕಾಲ್ಪನಿಕ ಊರು, ಮನೆಯ ನೆಲಮಾಳಿಗೆಯಲ್ಲಿ ಹರಟುವ ಬಿಳಿಯ ಹುಡುಗ ಹುಡುಗಿಯರು. ಹಾಸ್ಯವೇನೋ ಚುರುಕಾಗಿದೆ, ನೋಡಿಸಿಕೊಂಡು ಹೋಗುತ್ತದೆ. ಆದರೆ ಆ ಕಾಲದ ಕುಣಿತ, ಉಡುಪು, ಸಂಗೀತಕ್ಕೆ ಬಹುಪಾಲು ಜೀವ ಕೊಟ್ಟ ಕಪ್ಪು ಜನ ಅಲ್ಲಿ ಅಪರೂಪದ ಅತಿಥಿಗಳು. ಗುಂಪಿನಲ್ಲಿರುವ ಒಬ್ಬನೇ ಒಬ್ಬ ಹೊರಗಿನ ಹುಡುಗ ಯಾವ ದೇಶದವನೆಂದು ಯಾರಿಗೂ ಗೊತ್ತಾಗದಿರುವುದೇ ಎಂಟು ಸೀಸನ್ನುಗಳುದ್ದಕ್ಕೂ ಎಳೆದ ನಗೆಹನಿ. ಪ್ಯಾಂಟು ನೆನಪಿದೆ, ತೊಟ್ಟವರು ನೆನಪಿಲ್ಲ.

ತೊಟ್ಟವರನ್ನು ನೋಡಬೇಕಾದರೆ 'ಸೋಲ್ ಟ್ರೇನ್' ನೋಡಬೇಕು. ಷಿಕಾಗೋದ ರೇಡಿಯೋ ಸುದ್ದಿಗಾರ ಡಾನ್ ಕಾರ್ನೀಲಿಯಸ್ 1970ರ ಆಗಸ್ಟ್‌ನಲ್ಲಿ ಅಲ್ಲಿನ ಒಂದು ಸ್ಥಳೀಯ ಚಾನೆಲ್ಲಿನಲ್ಲಿ ಇದನ್ನು ಆರಂಭಿಸಿದರು. ಮರುವರ್ಷ ಅದು ಲಾಸ್ ಏಂಜಲಿಸ್‌ಗೆ ಹೋಗಿ, ಮೊದಲು ಬೆರಳೆಣಿಕೆಯ ನಗರಗಳಲ್ಲಿ, ಆಮೇಲೆ ದೇಶದ ತುಂಬ ಪ್ರಸಾರವಾಯಿತು. 2006ರವರೆಗೆ ಸಾವಿರಕ್ಕೂ ಹೆಚ್ಚು ಕಂತುಗಳು ಬಂದವು. ಕಾರ್ಯಕ್ರಮದ ಕಟ್ಟಡ ಸರಳ. ಹಾಡುವವರು ಬರುತ್ತಾರೆ, ಅದೂ ಹೆಚ್ಚಾಗಿ ರೆಕಾರ್ಡಿಗೆ ತುಟಿಯಾಡಿಸಲು. ಕಾರ್ನೀಲಿಯಸ್ ತಮ್ಮ ಗಡಸು ದನಿಯಲ್ಲಿ ಎರಡು ಮಾತಾಡುತ್ತಾರೆ. ಜನ ಕಾದು ಕುಳಿತಿರುತ್ತಿದ್ದುದು ಇದಕ್ಕಲ್ಲ, 'ಸೋಲ್ ಟ್ರೇನ್ ಲೈನ್' ಎಂಬ ಕೆಲವು ನಿಮಿಷಗಳಿಗೆ. ಹುಡುಗರು, ಹುಡುಗಿಯರು ಎದುರುಬದುರು ಎರಡು ಸಾಲಾಗಿ ನಿಲ್ಲುತ್ತಾರೆ. ನಡುವಿನ ಓಣಿಯಲ್ಲಿ ಇಬ್ಬಿಬ್ಬರಾಗಿ ಕ್ಯಾಮೆರಾದ ಕಡೆಗೆ ಕುಣಿಯುತ್ತ ಬರುತ್ತಾರೆ. ಇಕ್ಕೆಲದ ಸಾಲು ಚಪ್ಪಾಳೆ ತಟ್ಟುತ್ತದೆ.

ಈ ಕುಣಿತಕ್ಕೆ ತಾಳ ಕೊಟ್ಟದ್ದು ಫಂಕ್. ಜೇಮ್ಸ್ ಬ್ರೌನ್ ಅರವತ್ತರ ದಶಕದ ಕೊನೆಗೆ ಮಾಡಿದ್ದು ಹೇಳಲು ಸಣ್ಣ ಕೆಲಸ: ನಾಲ್ಕು ಮಾತ್ರೆಗಳಲ್ಲಿ ಮೊದಲನೆಯದರ ಮೇಲೆ ಪೂರ್ತಿ ಭಾರ ಹಾಕಿದ್ದು. ತಬಲಾ ಕೇಳಿದವರಿಗೆ 'ಸಮ್' ಗೊತ್ತಲ್ಲ, ಅಂಥದ್ದು. ಗಿಟಾರು, ಕಹಳೆ, ಕೊನೆಗೆ ಗಂಟಲು ಕೂಡ ಆ ಒಂದು ಏಟಿನ ಸುತ್ತ ಡೋಲಿನಂತೆ ನುಡಿಯತೊಡಗಿದವು. ಇಂಥ ತಾಳಕ್ಕೆ ಕಾಲಿಗಿಂತ ಮೊದಲು ಸೊಂಟ, ಹೆಗಲು ಸ್ಪಂದಿಸುತ್ತವೆ. ಬರೀ ಮೈಯಿಂದ ಕುಣಿದರೆ ಸಾಲದು, ಕೀಲುಕೀಲಿನಿಂದ ಕುಣಿಯಬೇಕು. ಹೆಜ್ಜೆಯ ನಡುವೆ ಗಕ್ಕನೆ ನಿಂತು ಕೀಲು ಬಿಗಿಯುವ 'ಲಾಕಿಂಗ್' ಶೈಲಿಯನ್ನು ಕಂಡುಹಿಡಿದ ಡಾನ್ ಕ್ಯಾಂಬೆಲ್ ಕುಣಿದದ್ದು ಇದೇ ಓಣಿಯಲ್ಲಿ. ಇಲ್ಲೇ ಬೆಳೆದ ಜೆಫ್ರಿ ಡೇನಿಯಲ್ 1982ರಲ್ಲಿ ಬ್ರಿಟನ್ನಿನ ಟಿ.ವಿ.ಯಲ್ಲಿ ಮುಂದೆ ನಡೆಯುವಂತೆ ತೋರುತ್ತ ಹಿಂದಕ್ಕೆ ಜಾರಿದ್ದರು. ಮರುವರ್ಷ ಮೈಕಲ್ ಜಾಕ್ಸನ್ ಅದನ್ನು ಮಾಡಿದಾಗ ಜಗತ್ತಿಗೆ 'ಮೂನ್‌ವಾಕ್' ಸಿಕ್ಕಿತು. ನಮ್ಮ ಓರಗೆಯ ಹುಡುಗರು ಸಿಮೆಂಟ್ ನೆಲದ ಮೇಲೆ ಕಾಲುಚೀಲ ಹಾಕಿಕೊಂಡು ಜಾರಿ ಬಿದ್ದದ್ದು ಅದೇ ನಡಿಗೆಗಾಗಿ. ಡೇನಿಯಲ್ ಹೆಸರು ನಾವು ಕೇಳಿದ್ದು ತೀರಾ ತಡವಾಗಿ.

ಇಲ್ಲಿ ಒಂದು ಪ್ರಸಂಗ ಹೇಳಬೇಕು. ಜೇಮ್ಸ್ ಬ್ರೌನ್ ಮೊದಲ ಸಲ ಈ ಕಾರ್ಯಕ್ರಮಕ್ಕೆ ಬಂದಾಗ ಸುತ್ತ ನೋಡಿ, ಇದರ ಹಿಂದೆ ಯಾರಿದ್ದಾರೆ ಎಂದು ಕಾರ್ನೀಲಿಯಸ್‌ರನ್ನು ಕೇಳಿದರಂತೆ. ನಾನೇ ಎಂದರೆ ನಂಬದೆ ಮತ್ತೆ ಮತ್ತೆ ಅದನ್ನೇ ಕೇಳಿದರಂತೆ. ಒಬ್ಬ ಕಪ್ಪು ಮನುಷ್ಯ ಒಂದು ಟಿ.ವಿ. ಕಾರ್ಯಕ್ರಮದ ಒಡೆಯನಾಗಿರಬಹುದು ಎಂಬುದನ್ನು ಜೇಮ್ಸ್ ಬ್ರೌನ್‌ರಂಥ ಜೇಮ್ಸ್ ಬ್ರೌನ್‌ಗೇ ನಂಬಲಾಗಲಿಲ್ಲ. ಜಾಹೀರಾತು ಕೊಟ್ಟದ್ದೂ ಕಪ್ಪು ಜನರದೇ ಕಂಪನಿ, ಷಿಕಾಗೋದ ಜಾನ್ಸನ್ ಪ್ರಾಡಕ್ಟ್ಸ್. ಅದು ಮೊದಲು ಮಾರಿದ್ದು ಗುಂಗುರು ಕೂದಲನ್ನು ನೇರ ಮಾಡುವ ಔಷಧಿಯನ್ನು. 'ಕಪ್ಪು ಎಂದರೆ ಚೆಲುವು' ಎಂಬ ಕೂಗೆದ್ದ ಮೇಲೆ ಗುಂಗುರನ್ನು ಗುಂಗುರಾಗಿಯೇ ಹೊಳೆಸುವ 'ಆಫ್ರೋ ಶೀನ್' ತಂದಿತು. ವ್ಯಾಪಾರವೇ ಸರಿ. ಆದರೆ ತಲೆಮಾರುಗಟ್ಟಲೆ ಕಾದ ಬಾಚಣಿಗೆಯಿಂದ ತಲೆ ಸುಟ್ಟುಕೊಂಡವರ ಮಕ್ಕಳು ವಾರಕ್ಕೊಮ್ಮೆ ತಮ್ಮಂಥದೇ ಕೂದಲನ್ನು ಪರದೆಯ ಮೇಲೆ ಕಂಡಾಗ ಅವರಿಗೆ ಏನನ್ನಿಸಿರಬಹುದು ಎಂದು ಊಹಿಸಿ. 1973ರಲ್ಲಿ ಬಿಳಿಯ ನಿರೂಪಕ ಡಿಕ್ ಕ್ಲಾರ್ಕ್ ಇದೇ ಮಾದರಿಯಲ್ಲಿ ಪೈಪೋಟಿಯ ಕಾರ್ಯಕ್ರಮ ತೆಗೆದಾಗ ಜೆಸ್ಸಿ ಜಾಕ್ಸನ್‌ರಂಥ ಮುಖಂಡರು ಬೀದಿಯ ಚಳವಳಿಯಷ್ಟೇ ಗಂಭೀರವಾಗಿ ಅದನ್ನು ವಿರೋಧಿಸಿದರು. ಆ ಕಾರ್ಯಕ್ರಮ ಬಾಳಲಿಲ್ಲ. ಕುಣಿತಕ್ಕೆ ಇಷ್ಟು ಜಗಳವೇ ಎಂದು ಕೇಳುವವರಿಗೆ ಅದು ಕುಣಿತದ ಜಗಳವಾಗಿರಲಿಲ್ಲ ಎಂದಷ್ಟೇ ಹೇಳಬಹುದು.

ಈಗ ಆ ವಿಗ್‌ಗೆ ಬರೋಣ. 1970ರಲ್ಲಿ ಅಮೆರಿಕದ ಎಫ್‌ಬಿಐ ಏಂಜಲಾ ಡೇವಿಸ್ ಎಂಬ ಅಧ್ಯಾಪಕಿಯ ಚಿತ್ರವನ್ನು 'ಬೇಕಾಗಿದ್ದಾರೆ' ಎಂದು ಊರೂರಲ್ಲಿ ಅಂಟಿಸಿತು. ಚಿತ್ರದಲ್ಲಿ ಎದ್ದು ಕಾಣುತ್ತಿದ್ದುದು ಆಕೆಯ ಆಫ್ರೋ ಕೂದಲು. ಆ ದಿನಗಳಲ್ಲಿ ಅಂಥ ಕೂದಲು ಬಿಟ್ಟಿದ್ದ ಎಷ್ಟೋ ಹೆಂಗಸರನ್ನು ಪೊಲೀಸರು ತಡೆದು ಕಾಡಿಸಿದರು. ತಲೆಯ ಮೇಲೇನಿದೆ ಎಂದು ನೋಡಿ ಮನುಷ್ಯರನ್ನು ಅಳೆಯುವ ಕಣ್ಣು ಎಂಥದ್ದೆಂದು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. 1972ರಲ್ಲಿ ನ್ಯಾಯಾಲಯ ಆಕೆಯನ್ನು ಎಲ್ಲ ಆರೋಪಗಳಿಂದ ಬಿಡುಗಡೆ ಮಾಡಿತು. 1994ರಲ್ಲಿ ಆಕೆ ಒಂದು ಪ್ರಬಂಧ ಬರೆದು, ಹೊಸ ತಲೆಮಾರಿಗೆ ತಾನು ಒಂದು ಕೇಶವಿನ್ಯಾಸವಾಗಿ ಮಾತ್ರ ಉಳಿದಿದ್ದೇನೆ ಎಂದು ನೊಂದುಕೊಂಡರು. ಅಷ್ಟರಲ್ಲಾಗಲೇ ಒಂದು ಸಂಗೀತ ಪತ್ರಿಕೆ ಆಕೆಯ ಆ ದಿನಗಳನ್ನು ನಟಿಯೊಬ್ಬಳಿಂದ ಅಭಿನಯಿಸಿ, ಬಟ್ಟೆ ಮಾರಲು ಬಳಸಿತ್ತು.

ಉರ್ದುವಿನಲ್ಲಿ 'ಮಾಜಿ' ಎಂದರೆ ಗತಕಾಲ. ಕನ್ನಡಕ್ಕೆ ಬಂದಾಗ ಅದು ಕುರ್ಚಿ ಕಳೆದುಕೊಂಡವರ ಹೆಸರಿನ ಮುಂದೆ ಕುಳಿತುಕೊಂಡಿತು: ಮಾಜಿ ಶಾಸಕ, ಮಾಜಿ ಮಂತ್ರಿ. ಟಿ.ವಿ.ಯ ಈ ಹಳೆಯ ಕಾಲದ ಹಂಬಲವೂ ಹಾಗೆಯೇ. ಅದು ಗತಕಾಲವನ್ನು ನೆನಪಿಸುವ ನೆಪದಲ್ಲಿ ಅದರ ಕೈಯಿಂದ ಅಧಿಕಾರ ಕಿತ್ತುಕೊಂಡಿರುತ್ತದೆ.

ಹಾಗೆಂದು 'ಸೋಲ್ ಟ್ರೇನ್' ಅನ್ನು ಹೊಗಳಿ ಅಟ್ಟಕ್ಕೇರಿಸುವವರ ಜೊತೆಗೂ ನಾವಿಲ್ಲ. ಆ ಓಣಿಯಲ್ಲಿ ಇಡೀ ದಿನ ಕುಣಿದ ಹುಡುಗ ಹುಡುಗಿಯರಿಗೆ ಸಂಬಳವಿರಲಿಲ್ಲ. ಮಧ್ಯಾಹ್ನ ಡಬ್ಬಿಯಲ್ಲಿ ಕರಿದ ಕೋಳಿ ಸಿಗುತ್ತಿತ್ತು ಎಂದು ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಬಟ್ಟೆ ಅವರದೇ, ಹೊಸ ಹೆಜ್ಜೆ ಅವರದೇ. ಜೇಮ್ಸ್ ಬ್ರೌನ್‌ಗೆ ಡ್ರಮ್ಸ್ ನುಡಿಸಿದ ಕ್ಲೈಡ್ ಸ್ಟಬಲ್‌ಫೀಲ್ಡ್ ಕಥೆಯೂ ಇದೇ. 'ಫಂಕಿ ಡ್ರಮ್ಮರ್' ಹಾಡಿನಲ್ಲಿ ಅವರು ನುಡಿಸಿದ ಕೆಲವೇ ಸೆಕೆಂಡುಗಳ ತಾಳವನ್ನು ಮುಂದೆ ಸಾವಿರಾರು ಹಾಡುಗಳು ಕತ್ತರಿಸಿ ಅಂಟಿಸಿಕೊಂಡವು. ರಚನೆಕಾರರ ಸಾಲಿನಲ್ಲಿ ಅವರ ಹೆಸರಿರಲಿಲ್ಲವಾದ್ದರಿಂದ ಹಣ ಅವರತ್ತ ಹರಿಯಲಿಲ್ಲ. 2017ರಲ್ಲಿ ಅವರು ತೀರಿಕೊಂಡರು. ಕಪ್ಪು ಒಡೆತನ ಎಂಬ ಹೆಮ್ಮೆಯೂ ಹಾಗೆಯೇ ಉಳಿಯಲಿಲ್ಲ. 1993ರಲ್ಲಿ ಜಾನ್ಸನ್ ಕಂಪನಿ ಒಂದು ದೊಡ್ಡ ಔಷಧ ಕಂಪನಿಯ ಪಾಲಾಯಿತು. 2012ರ ಫೆಬ್ರವರಿಯಲ್ಲಿ ಕಾರ್ನೀಲಿಯಸ್ ತಮ್ಮ ಜೀವ ತಾವೇ ಕಳೆದುಕೊಂಡರು. ಕಾರ್ಯಕ್ರಮದ ಹಕ್ಕುಗಳು ಕೈಯಿಂದ ಕೈಗೆ ಹೋಗಿ, 2016ರಲ್ಲಿ ಬಿಇಟಿ ಚಾನೆಲ್‌ಗೆ, ಅಂದರೆ ಅದರ ಒಡೆಯರಾಗಿದ್ದ ವಯಾಕಾಮ್‌ಗೆ ಸೇರಿದವು. ಅದೇ ಚಾನೆಲ್ 2019ರಲ್ಲಿ ಕಾರ್ನೀಲಿಯಸ್ ಬದುಕನ್ನು 'ಅಮೆರಿಕನ್ ಸೋಲ್' ಎಂಬ ಧಾರಾವಾಹಿ ಮಾಡಿತು. ಕಾಲರು, ಕೋಟು, ಕೂದಲು ಎಲ್ಲ ಅಚ್ಚುಕಟ್ಟು. ಎರಡು ಸೀಸನ್‌ಗೆ ಮುಗಿಯಿತು.

ಹಳೆಯದನ್ನು ಬೇರೆ ರೀತಿಯಲ್ಲಿ ತೋರಿಸಲು ಬರುತ್ತದೆ ಎಂಬುದಕ್ಕೆ 2021ರ 'ಸಮ್ಮರ್ ಆಫ್ ಸೋಲ್' ಎಂಬ ಸಾಕ್ಷ್ಯಚಿತ್ರವಿದೆ. 1969ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಒಂದು ಉದ್ಯಾನದಲ್ಲಿ ಪುಕ್ಕಟೆ ಸಂಗೀತೋತ್ಸವ ನಡೆದಿತ್ತು. ಸ್ಲೈ ಸ್ಟೋನ್ ತಂಡ ಫಂಕ್ ನುಡಿಸಿತು, ಸ್ಟೀವಿ ವಂಡರ್ ಹಾಡಿದರು. ಅದೇ ಬೇಸಿಗೆಯ ವುಡ್‌ಸ್ಟಾಕ್ ಉತ್ಸವ ದಂತಕಥೆಯಾಯಿತು. ಇದರ ಸುಮಾರು 40 ಗಂಟೆಗಳ ಟೇಪು ಮಾತ್ರ ಅರ್ಧ ಶತಮಾನ ನೆಲಮಾಳಿಗೆಯಲ್ಲಿ ಬಿದ್ದಿತ್ತು. ಡ್ರಮ್ಮರ್ ಕ್ವೆಸ್ಟ್‌ಲವ್ ಅದನ್ನು ಹೊರತೆಗೆದು ಮಾಡಿದ ಈ ಚಿತ್ರಕ್ಕೆ 2022ರಲ್ಲಿ ಆಸ್ಕರ್ ಬಂತು. ಇದರಲ್ಲಿ ಅವರು ಯಾರಿಗೂ ವೇಷ ಹಾಕಿಸಿಲ್ಲ. ಅಂದು ಆ ಜನಸಾಗರದಲ್ಲಿದ್ದವರನ್ನು ಹುಡುಕಿ, ಕೂರಿಸಿ, ಅದೇ ದೃಶ್ಯಗಳನ್ನು ಅವರ ಮುಂದೆ ಹಾಕಿದ್ದಾರೆ. ಅಂದು ಪುಟ್ಟ ಮಗುವಾಗಿ ಅಲ್ಲಿಗೆ ಹೋಗಿದ್ದವನೊಬ್ಬ ಈಗ ನಡುವಯಸ್ಸು ದಾಟಿ ಪರದೆ ನೋಡುತ್ತಾನೆ. ನೋಡುತ್ತ ನೋಡುತ್ತ ಅವನ ಕಣ್ಣು ತುಂಬುತ್ತದೆ. ಇಷ್ಟು ವರ್ಷ ತನ್ನ ತಲೆಯೊಳಗಿದ್ದದ್ದು ತಾನೇ ಕಟ್ಟಿಕೊಂಡ ಕನಸೇನೋ ಎಂದು ಅವನು ಅನುಮಾನಪಟ್ಟಿದ್ದ.