ಮೊದಲು ಕಿವಿ, ಆಮೇಲೆ ಸ್ಕ್ರೂಡ್ರೈವರ್

ಹಳೆಯ ಹಾರ್ಡ್ ಡಿಸ್ಕ್ ಕೈಗೆ ಸಿಕ್ಕ ಕೂಡಲೇ ಮುಚ್ಚಳ ಬಿಚ್ಚುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಒಳಗಿನ ಕಂದು ತಟ್ಟೆಗಳ ಫೋಟೊ ಹಿಡಿದು ಹತ್ತು ಜನಕ್ಕೆ ಕಳಿಸುತ್ತಾರೆ, ಅಲ್ಲಿಗೆ ಆ ಡಿಸ್ಕಿನ ಕಥೆ ಮುಗಿಯಿತು. ಓದುವ ಹೆಡ್ಡಿಗೂ ತಟ್ಟೆಗೂ ನಡುವಿನ ಸಂದಿಗಿಂತ ಧೂಳಿನ ಕಣವೇ ದಪ್ಪ. ಇನ್ನು ಕೆಲವರು ಹಳೆಯ ಪಿಸಿಗೆ ಮೆಮೊರಿ ಕಾರ್ಡ್ ಸಿಕ್ಕಿಸಿ, ಪಕ್ಕದಲ್ಲೊಂದು ಟಿಕ್‌ಟಿಕ್ ಯಂತ್ರ ಇಟ್ಟು, ಅದೇ ಹಾರ್ಡ್ ಡಿಸ್ಕಿನ ನಾದ ಎಂದು ಸಂತೋಷಪಡುತ್ತಾರೆ. ತನಿ ಆವರ್ತನ ಶುರುವಾದೊಡನೆ ಕಾಫಿಗೆ ಏಳುವವರ ಕಿವಿಯೇ ಇವರದೂ.

ನನ್ನ ಕಿವಿ ತೆರೆದದ್ದು 1990ರ ದಶಕದಲ್ಲಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಮಹಡಿ ಅಂಗಡಿಯಲ್ಲಿ. ಸೀಗೇಟ್ ಎಸ್‌ಟಿ-225, 20 ಎಂಬಿಯದು, ಕೀರಲು ದನಿಯಲ್ಲಿ ಅರಚುತ್ತಿತ್ತು. ಬೇರಿಂಗ್ ಹೋಯಿತು, ಗುಜರಿಗೆ ಹಾಕೋಣ ಎಂದುಕೊಂಡಿದ್ದೆ. ರಿಪೇರಿ ಯಜಮಾನರು ಸ್ಕ್ರೂಡ್ರೈವರಿನ ತುದಿಯನ್ನು ಡ್ರೈವಿಗೆ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ ಕಣ್ಣು ಮುಚ್ಚಿದರು. "ಬೇರಿಂಗ್ ಗಟ್ಟಿಯಾಗಿದೆ ಕಣಯ್ಯಾ. ಅರಚ್ತಾ ಇರೋದು ಕೆಳಗಿನ ಪಟ್ಟಿ" ಎಂದರು. ಮೋಟರಿನ ದಂಡಕ್ಕೆ ಒತ್ತಿಕೊಂಡು ಸ್ಥಾಯೀವಿದ್ಯುತ್ತನ್ನು ಇಳಿಸುವ ತೆಳು ಲೋಹದ ಪಟ್ಟಿ ಅದು. ಬೆರಳಲ್ಲಿ ಚೂರು ಬಾಗಿಸಿದರು, ಅರಚಾಟ ನಿಂತಿತು. ಉಳಿದದ್ದು ಬರೀ ಗುಂಯ್ ಎನ್ನುವ ಶ್ರುತಿ. ಆ ಮಧ್ಯಾಹ್ನ ಊಟ ಮರೆತು ಅದರ ಮುಂದೆ ಕೂತಿದ್ದೆ.

ಕೇಳುವುದನ್ನು ಎಸ್‌ಟಿ-225ರಿಂದಲೇ ಶುರುಮಾಡಿ. ಶ್ರುತಿ ಏರುತ್ತಾ ನಿಮಿಷಕ್ಕೆ 3600 ಸುತ್ತಿಗೆ ಬಂದು ನಿಲ್ಲಬೇಕು. ಅಲ್ಲಿ ಅಲುಗಿದರೆ ಮುಂದೆ ಹೋಗಬೇಡಿ. ಆಮೇಲೆ ಹೆಡ್ಡು ಸೊನ್ನೆಯ ಟ್ರ್ಯಾಕ್ ಹುಡುಕುತ್ತದೆ. ಅದನ್ನು ನಡೆಸುವುದು ಸ್ಟೆಪ್ಪರ್ ಮೋಟರ್. ಸರಿಯಾದ ಟ್ರ್ಯಾಕಿನ ಮೇಲೇ ನಿಂತಿದ್ದೇನೆಯೇ ಎಂದು ನೋಡಿಕೊಳ್ಳುವ ಕಣ್ಣು ಅದಕ್ಕಿಲ್ಲ, 615 ಟ್ರ್ಯಾಕುಗಳನ್ನು ಹೆಜ್ಜೆ ಎಣಿಸಿಯೇ ಮುಟ್ಟಬೇಕು. ಆದ್ದರಿಂದಲೇ ಪ್ರತಿ ಹೆಜ್ಜೆಯೂ ಕೇಳಿಸುತ್ತದೆ. ಪಕ್ಕದ ಟ್ರ್ಯಾಕಿಗೆ ಒಂದು ಸಣ್ಣ ಟಕ್ಕು, ದೂರ ಹೋದರೆ ಝರ್ರೆನ್ನುವ ಎಳೆತ. ಓದಲಾಗದ ಜಾಗ ಬಂದರೆ ಸೊನ್ನೆಗೆ ಓಡಿಹೋಗಿ, ಮರಳಿ ಬಂದು, ಮತ್ತೆ ಓಡುತ್ತದೆ. ಪರದೆಯ ಮೇಲೆ ತಪ್ಪಿನ ಸಂದೇಶ ಮೂಡುವ ಮೊದಲೇ ನನಗೆ ಸಂಗತಿ ಗೊತ್ತಾಗಿರುತ್ತದೆ.

ಕಾವೇರಿದರೆ ಲೋಹ ಹಿಗ್ಗುತ್ತದೆ, ಟ್ರ್ಯಾಕು ಕೂದಲೆಳೆಯಷ್ಟೂ ಅಲ್ಲದ ದೂರಕ್ಕೆ ಸರಿಯುತ್ತದೆ. ಎಣಿಕೆ ತಪ್ಪಲು ಅಷ್ಟೇ ಸಾಕು. ಬಿಸಿಯಲ್ಲಿ ಬರೆದದ್ದು ಬಿಸಿಯಲ್ಲೇ ಸರಿಯಾಗಿ ಸಿಗುತ್ತದೆ, ಆದ್ದರಿಂದ ಅರ್ಧ ಗಂಟೆ ತಿರುಗಲು ಬಿಟ್ಟು ಆಮೇಲೆ ಓದಿಸಿ. ಬೆಳಿಗ್ಗೆ ಸತ್ತಂತಿದ್ದದ್ದು ಬಿಸಿಯಾದ ಮೇಲೆ ಪೂರ್ತಿ ಓದಿಕೊಟ್ಟದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಒಳಗಿದ್ದದ್ದನ್ನೆಲ್ಲ ನಕಲು ಮಾಡಿಕೊಂಡ ಮೇಲೆಯೇ, ಟ್ರ್ಯಾಕುಗಳನ್ನೇ ಹೊಸದಾಗಿ ಬರೆಯುವ ಲೋ ಲೆವೆಲ್ ಫಾರ್ಮ್ಯಾಟ್. ಮುಂದೆ ಯಾವ ಭಂಗಿಯಲ್ಲಿ ಬಳಸುತ್ತೀರೋ, ಮಲಗಿಸಿಯೋ ನಿಲ್ಲಿಸಿಯೋ, ಆ ಭಂಗಿಯಲ್ಲೇ ಮಾಡಿ. ಮೇಲಿನ ಚೀಟಿಯಲ್ಲಿ ಬರೆದ ಕೆಟ್ಟ ಟ್ರ್ಯಾಕುಗಳ ಪಟ್ಟಿಯನ್ನು ಕಿತ್ತು ಎಸೆಯಬೇಡಿ.

ತಿರುಗುವುದೇ ಇಲ್ಲವೇ? ಹೆಡ್ಡು ತಟ್ಟೆಗೆ ಅಂಟಿಕೊಂಡಿರಬಹುದು. ಡ್ರೈವನ್ನು ಅಂಗೈಯಲ್ಲಿ ಚಪ್ಪಟೆಯಾಗಿ ಹಿಡಿದು, ವಿದ್ಯುತ್ ಕೊಡುತ್ತಲೇ ಮಣಿಕಟ್ಟನ್ನು ಚುರುಕಾಗಿ ಒಮ್ಮೆ ತಿರುಗಿಸಿ. ಸುತ್ತಿಗೆ, ಫ್ರಿಜ್ ಎಂದು ಯಾರಾದರೂ ಹೇಳಿದರೆ ಅವರ ಸಹವಾಸ ಬಿಡಿ. ಪವರ್ ಸಪ್ಲೈಯೇ ನಿಂತುಹೋದರೆ 12 ವೋಲ್ಟಿನ ಸಾಲಿನ ಟ್ಯಾಂಟಲಮ್ ಕೆಪಾಸಿಟರ್ ಷಾರ್ಟ್ ಆಗಿದೆಯೇ ನೋಡಿ. ಕ್ವಾಂಟಮ್ ಪ್ರೊಡ್ರೈವ್ ಮಾತ್ರ ಬೇರೆ ಜಾತಿ: ಒಳಗಿನ ರಬ್ಬರ್ ಕರಗಿ ಡಾಂಬರಾಗಿ ಹೆಡ್ಡನ್ನು ಹಿಡಿದುಕೊಳ್ಳುತ್ತದೆ. ಅದನ್ನು ಬಿಚ್ಚದೆ ಗತಿಯಿಲ್ಲ. ಹತ್ತು ಡಿಸ್ಕು ಕೇಳಿ ಪಳಗಿದ ಮೇಲೆ ಅದಕ್ಕೆ ಕೈಹಾಕಿ.

ಎಸ್‌ಟಿ-225ರ ಹೆಡ್ಡು ತಾನಾಗಿ ಪಾರ್ಕ್ ಆಗುವುದಿಲ್ಲ, ಅಂದರೆ ಮಾಹಿತಿ ಇಲ್ಲದ ಜಾಗಕ್ಕೆ ಸರಿದು ನಿಲ್ಲುವುದಿಲ್ಲ. ಪಾರ್ಕ್ ಆಜ್ಞೆ ಕೊಟ್ಟು, ಆರಿಸಿ, ಎದ್ದು ಹೋಗದೆ ಕೂತಿರಿ. ಶ್ರುತಿ ಇಳಿಯುತ್ತಾ ಬಂದು ಕೊನೆಗೆ ಹೆಡ್ಡು ತಟ್ಟೆಗೆ ತಾಗುವಾಗ ರೇಷ್ಮೆ ಸೀರೆ ನೆಲಕ್ಕೆ ಸವರಿದಂಥ ಸದ್ದು ಬರುತ್ತದೆ. ಆ ಸವರು ಕಳೆದ ವಾರಕ್ಕಿಂತ ಒರಟಾಗಿ ಕೇಳಿಸಿದರೆ ಆ ಡಿಸ್ಕಿನ ನಕಲನ್ನು ನಾಳೆಗೆ ಮುಂದೂಡಬೇಡಿ.