ಗಿರಕಿಯ ಔಚಿತ್ಯ: ಸಿಡ್ನಿ ಬಂದರಿನ ಜೆಟ್ ಬೋಟ್

ಆಸ್ಟ್ರೇಲಿಯಾದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದವರು ಬರೆಯುವ ಪ್ರವಾಸಕಥನಗಳಲ್ಲಿ ಸಿಡ್ನಿ ಬಂದರಿನ ಜೆಟ್ ಬೋಟಿಗೆ ಈಗ ಖಾಯಂ ಜಾಗ ಸಿಕ್ಕಿದೆ. ಒಪೆರಾ ಹೌಸಿಗೆ ಒಂದು ಪ್ಯಾರಾ, ಹಾರ್ಬರ್ ಸೇತುವೆಗೆ ಇನ್ನೊಂದು, ಬೋಟಿಗೆ ಪುಟಗಟ್ಟಲೆ. ಎದೆ ಝಲ್ಲೆಂದಿತು, ಉಸಿರು ನಿಂತಿತು, ವಯಸ್ಸು ಮರೆತುಹೋಯಿತು ಎಂಬ ಮಾತುಗಳೆಲ್ಲ ಅಲ್ಲಿರುತ್ತವೆ. ಆ ಅರ್ಧ ಗಂಟೆಯಲ್ಲಿ ನೀರಿನ ಮೇಲೆ ನಿಜಕ್ಕೂ ಏನು ನಡೆಯಿತು ಎಂಬುದು ಮಾತ್ರ ಇರುವುದಿಲ್ಲ. ಇಷ್ಟು ಹೊಗಳಿಕೆ ಪಡೆದದ್ದನ್ನು ಒಮ್ಮೆ ಒರೆಗೆ ಹಚ್ಚಿ ನೋಡಬೇಕು. ಈ ಸವಾರಿಯ ಖ್ಯಾತಿ ಅದರ ಯೋಗ್ಯತೆಗಿಂತ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಆ ಖ್ಯಾತಿಯೆಲ್ಲ ಗಿರಕಿ ಎಂಬ ಒಂದೇ ತಂತ್ರದ ಮೇಲೆ ನಿಂತಿರುವುದೇ ಅದಕ್ಕೆ ಕಾರಣ.

ಸವಾರಿಯ ವಿವರ ಬಹಳ ಜನಕ್ಕೆ ಗೊತ್ತು. ಸರ್ಕ್ಯುಲರ್ ಕೀಯಲ್ಲೋ ಡಾರ್ಲಿಂಗ್ ಹಾರ್ಬರಿನಲ್ಲೋ ಹತ್ತಿಸಿಕೊಳ್ಳುತ್ತಾರೆ, ಲೈಫ್ ಜಾಕೆಟ್ ತೊಡಿಸುತ್ತಾರೆ, ಕನ್ನಡಕ ಮತ್ತು ಮೊಬೈಲ್ ತೆಗೆದಿಡಲು ಹೇಳುತ್ತಾರೆ. ಹಡಗುಗಳ ದಟ್ಟಣೆ ಇರುವಲ್ಲಿ ದೋಣಿ ಮೆಲ್ಲಗೆ ಸಾಗುತ್ತದೆ, ತೆರೆದ ನೀರು ಸಿಕ್ಕ ಕೂಡಲೇ ಗಂಟೆಗೆ 70 ಕಿಲೋಮೀಟರಿನ ಆಸುಪಾಸಿನ ವೇಗಕ್ಕೆ ಏರುತ್ತದೆ. ಜೋರಾದ ಸಂಗೀತ ಹೊಡೆದುಕೊಳ್ಳುತ್ತಿರುತ್ತದೆ. ಆಮೇಲೆ ಗಿರಕಿಗಳು, ಬಾಲ ಬೀಸಿದಂತೆ ಹಿಂಭಾಗವನ್ನು ಅತ್ತಿತ್ತ ಜಾರಿಸುವ ಓಟ, ಪೂರ್ಣ ವೇಗದಿಂದ ಒಮ್ಮೆಗೇ ನಿಲ್ಲುವ ಬ್ರೇಕು. ಎಲ್ಲರೂ ತೊಯ್ದು ತೊಪ್ಪೆಯಾಗಿ ಇಳಿಯುತ್ತಾರೆ.

ಗಿರಕಿಯನ್ನೇ ಹಿಡಿದು ನೋಡೋಣ. ಚಾಲಕ ಮೊದಲು ಕೈ ಮೇಲೆತ್ತಿ ಗಾಳಿಯಲ್ಲಿ ಬೆರಳು ತಿರುಗಿಸುತ್ತಾನೆ. ಎದುರಿನ ಸರಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ ಎಂಬ ಸನ್ನೆ ಅದು. ಜೆಟ್ ಬೋಟಿಗೆ ನೀರೊಳಗೆ ತಿರುಗುವ ಪ್ರೊಪೆಲ್ಲರ್ ಇಲ್ಲ, ಚುಕ್ಕಾಣಿಯೂ ಇಲ್ಲ. ತಳದ ಕಿಂಡಿಯಿಂದ ನೀರನ್ನು ಹೀರಿ, ಒಳಗಿನ ಇಂಪೆಲ್ಲರಿನಿಂದ ಒತ್ತಡ ಕೊಟ್ಟು, ಹಿಂಬದಿಯ ನಳಿಕೆಯಿಂದ ಎರಚುತ್ತದೆ. ಆ ಎರಚುವಿಕೆಯೇ ದೋಣಿಯನ್ನು ಮುಂದಕ್ಕೆ ನೂಕುತ್ತದೆ, ನಳಿಕೆಯನ್ನು ಎಡಬಲಕ್ಕೆ ಹೊರಳಿಸಿದರೆ ಅದೇ ದೋಣಿಯನ್ನು ತಿರುಗಿಸುತ್ತದೆ. ಅಂದರೆ ಎಂಜಿನ್ ನೀರು ಎರಚುತ್ತಿರುವಷ್ಟು ಹೊತ್ತು ಮಾತ್ರ ದೋಣಿ ಚಾಲಕನ ಮಾತು ಕೇಳುತ್ತದೆ. ಥ್ರಾಟಲ್ ಬಿಟ್ಟರೆ ದಿಕ್ಕಿನ ಹಿಡಿತವೂ ಹೋಗುತ್ತದೆ. ಇದೇ ಬಗೆಯಲ್ಲಿ ಸಾಗುವ ಜೆಟ್ ಸ್ಕೀ ಓಡಿಸುವ ಹೊಸಬರು ಅಪಘಾತಕ್ಕೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಇಲ್ಲೇ: ಎದುರಿಗೆ ಏನೋ ಅಡ್ಡ ಬಂದಾಗ ಗಾಬರಿಯಲ್ಲಿ ಥ್ರಾಟಲ್ ಬಿಟ್ಟು ಹ್ಯಾಂಡಲ್ ತಿರುಗಿಸುತ್ತಾರೆ, ಯಂತ್ರ ತಿರುಗದೆ ನೇರ ಹೋಗಿ ಗುದ್ದುತ್ತದೆ.

ಗಿರಕಿ ಹುಟ್ಟುವುದು ಈ ದೌರ್ಬಲ್ಯದಿಂದಲೇ. ಪೂರ್ಣ ವೇಗದಲ್ಲಿ ಹೋಗುತ್ತಿರುವಾಗ ಚಾಲಕ ಸ್ಟಿಯರಿಂಗನ್ನು ಒಂದು ಬದಿಗೆ ಎಳೆದು ಹಿಂಭಾಗವನ್ನು ಪಕ್ಕಕ್ಕೆ ಜಾರಿಸುತ್ತಾನೆ, ಜಾರು ಹಿಡಿದೊಡನೆ ಥ್ರಾಟಲ್ ಇಳಿಸುತ್ತಾನೆ. ಮೂತಿ ನೀರನ್ನು ಕಚ್ಚುತ್ತದೆ, ಬಾಲಕ್ಕೆ ಹಿಡಿತವಿಲ್ಲ. ಇಡೀ ದೋಣಿ ತನ್ನ ಉದ್ದದಷ್ಟೇ ಜಾಗದಲ್ಲಿ ಸುತ್ತಿಬಿಡುತ್ತದೆ. ಆ ಎರಡು ಮೂರು ಸೆಕೆಂಡು ಅದು ಯಾರ ಕೈಯಲ್ಲೂ ಇರುವುದಿಲ್ಲ. ಚಾಲಕ ಮೊದಲೇ ಲೆಕ್ಕ ಹಾಕಿ ಬಿಟ್ಟುಕೊಟ್ಟ ವೇಗವೇ ಅದನ್ನು ತಿರುಗಿಸುತ್ತದೆ. ಹಿಡಿತ ಬಿಟ್ಟುಕೊಡುವುದನ್ನೇ ಒಂದು ಕೌಶಲವಾಗಿ ಮಾಡಿಕೊಂಡಿರುವುದು ನಿಜವಾಗಿಯೂ ಸುಂದರ ಸಂಗತಿ. ಇದನ್ನು ಕಂಡುಹಿಡಿದವರ ಬಗ್ಗೆ ನನಗೆ ಗೌರವವಿದೆ.

ಆದರೆ ಸಿಡ್ನಿಯ ಸವಾರನಿಗೆ ಇದರಲ್ಲಿ ತಲುಪುವುದು ಎಷ್ಟು? ಸನ್ನೆ ಕಂಡೊಡನೆ ಆತ ತಲೆ ತಗ್ಗಿಸಿ ಸರಳು ಹಿಡಿಯುತ್ತಾನೆ. ಗಿರಕಿಯ ಕ್ಷಣಕ್ಕೆ ಉಪ್ಪುನೀರಿನ ಗೋಡೆ ಮುಖಕ್ಕೆ ಬಡಿಯುವುದರಿಂದ ಕಣ್ಣು ಮುಚ್ಚುತ್ತಾನೆ. ಎಂಜಿನ್ನಿನ ಸದ್ದು ಇಳಿಯುವ ಆ ಗಳಿಗೆ, ಅಂದರೆ ದೋಣಿ ಹಿಡಿತ ಕಳೆದುಕೊಂಡದ್ದು ಕಿವಿಗೆ ಗೊತ್ತಾಗಬೇಕಾದ ಗಳಿಗೆ, ಸಂಗೀತದಲ್ಲಿ ಮುಳುಗಿಹೋಗುತ್ತದೆ. ಕಣ್ಣು ತೆರೆಯುವಷ್ಟರಲ್ಲಿ ದೋಣಿ ಮತ್ತೆ ಓಡುತ್ತಿರುತ್ತದೆ. ಮೊದಲ ಸಲ ಬೆರಗಾಗುತ್ತದೆ, ಎರಡನೆಯ ಸಲ ನಗು ಬರುತ್ತದೆ. ಆಮೇಲೆ ಅದೇ ಸನ್ನೆ, ಅದೇ ನೀರು, ಅದೇ ಕೂಗು.

ಇಷ್ಟು ಸಲ ಏಕೆ ಸುತ್ತಿಸಬೇಕು? ವೇಗ ಎನ್ನುವುದು ಕಣ್ಣಿಗೆ ಗೊತ್ತಾಗುವುದು ಹತ್ತಿರದ ನಿಂತ ವಸ್ತುವಿನಿಂದ. ಪಕ್ಕದಲ್ಲಿ ಮರವೋ ಬಂಡೆಯೋ ಹಿಂದಕ್ಕೆ ಸರಿದರೆ ತಾನೇ ಓಡುತ್ತಿದ್ದೇವೆ ಅನ್ನಿಸುವುದು. ಸಿಡ್ನಿ ಬಂದರು ವಿಶಾಲವಾದದ್ದು, ಕೆಲವೆಡೆ 40 ಮೀಟರಿಗೂ ಹೆಚ್ಚು ಆಳ. ಸುರಕ್ಷತೆಗಾಗಿ ದೋಣಿ ದಡದಿಂದ, ಬೇರೆ ಹಡಗುಗಳಿಂದ ದೂರವೇ ಇರಬೇಕು, ಇರಲೂಬೇಕು. ಅಲ್ಲಿ 70 ಕಿಲೋಮೀಟರ್ ವೇಗ ಕಣ್ಣಿಗೆ 30ರಂತೆ ಕಾಣುತ್ತದೆ. ಆ ಕೊರತೆಯನ್ನು ತುಂಬಲು ಗಿರಕಿ ಬೇಕಾಗಿದೆ. ಜಾಗ ಕೊಡದ ರೋಮಾಂಚನವನ್ನು ಯಂತ್ರದಿಂದ ಹಿಂಡಿ ತೆಗೆಯುತ್ತಿದ್ದಾರೆ.

ಈ ದೋಣಿ ಹುಟ್ಟಿದ ನೀರು ಬೇರೆ. ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಮೆಕೆಂಜಿ ಪ್ರದೇಶದಲ್ಲಿ ಐರಿಶ್‌ಮನ್ ಕ್ರೀಕ್ ಎಂಬ ಕುರಿ ಸಾಕಣೆಯ ಎಸ್ಟೇಟ್ ಇದೆ. ಅದರ ಒಡೆಯನಾಗಿದ್ದ ಬಿಲ್ ಹ್ಯಾಮಿಲ್ಟನ್ (1899–1978) ಯಂತ್ರಗಳ ಹುಚ್ಚಿದ್ದ ಮನುಷ್ಯ. ಅಲ್ಲಿನ ನದಿಗಳು ಜಲ್ಲಿಕಲ್ಲಿನ ಹಾಸಿನ ಮೇಲೆ ಹತ್ತಾರು ಕವಲಾಗಿ ಹರಿಯುವಂಥವು. ಕೆಲವು ಕಡೆ ಪಾದ ಮುಳುಗುವಷ್ಟೇ ನೀರು, ಪ್ರೊಪೆಲ್ಲರ್ ಇಳಿಸಿದರೆ ಮುರಿದೇ ಹೋಗುತ್ತದೆ. ಆ ನದಿಗಳಲ್ಲಿ ಪ್ರವಾಹಕ್ಕೆ ಎದುರಾಗಿ ಹೋಗಬೇಕೆಂಬ ಹಟದಿಂದ ಆತ 1950ರ ದಶಕದ ಆರಂಭದಲ್ಲಿ ಜೆಟ್ ಕಡೆ ತಿರುಗಿದ. ಅಮೆರಿಕದಲ್ಲಿ ಆಗಲೇ ಇದ್ದ ಒಂದು ವಿನ್ಯಾಸ ನೀರನ್ನು ದೋಣಿಯ ತಳದ ಕೆಳಗೆ ಎರಚುತ್ತಿತ್ತು. ಹ್ಯಾಮಿಲ್ಟನ್ ನಳಿಕೆಯನ್ನು ಹಿಂಬದಿಯಲ್ಲಿ ನೀರಿನ ಮಟ್ಟದ ಮೇಲಕ್ಕೆ ತಂದ. ತಳದಲ್ಲಿ ಚಾಚಿಕೊಂಡದ್ದು ಏನೂ ಉಳಿಯಲಿಲ್ಲ, ವೇಗವೂ ಏರಿತು. ಗೇಣುದ್ದಕ್ಕೂ ಕಡಿಮೆ ನೀರಿನಲ್ಲಿ ಓಡುವ ದೋಣಿ ಹುಟ್ಟಿತು. 1960ರಲ್ಲಿ ಅವನ ದೋಣಿಗಳು ಕೊಲರಾಡೋ ನದಿಯ ಗ್ರ್ಯಾಂಡ್ ಕ್ಯಾನ್ಯನ್ನನ್ನು ಕೆಳಗಿನಿಂದ ಮೇಲಕ್ಕೆ ಹತ್ತಿದವು.

ಅಂಥ ನದಿಯಲ್ಲಿ ತಿರುವಿನಾಚೆ ನೀರೇ ಇಲ್ಲದ ಜಲ್ಲಿದಿಬ್ಬವೋ ಬಿದ್ದ ಮರವೋ ಎದುರಾದರೆ ಸುತ್ತಿಬರಲು ಜಾಗವಿಲ್ಲ. ಇದ್ದಲ್ಲೇ ತಿರುಗಬೇಕು. ಇಂದಿಗೂ ಈ ಗಿರಕಿಯನ್ನು ಹ್ಯಾಮಿಲ್ಟನ್ ಟರ್ನ್ ಎಂದೇ ಕರೆಯುತ್ತಾರೆ. ಕ್ವೀನ್ಸ್‌ಟೌನ್ ಬಳಿಯ ಶಾಟೋವರ್ ಕಣಿವೆಯ ಸವಾರಿಯನ್ನು ನೋಡಿ. ಅಲ್ಲಿಯೂ ಗಿರಕಿ ಉಂಟು, ನದಿ ಅಗಲವಾದ ಕಡೆ ಹೊಡೆಸುತ್ತಾರೆ. ಆದರೆ ಅಲ್ಲಿ ಮುಖ್ಯವಾದದ್ದು ಬಂಡೆಯ ಗೋಡೆ. ಇಕ್ಕಟ್ಟಾದ ಕಣಿವೆಯಲ್ಲಿ ದೋಣಿ ಬಂಡೆಗೆ ಅಂಟಿಕೊಂಡಂತೆ ಹಾಯುವಾಗ ವೇಗವನ್ನು ಯಾರೂ ವಿವರಿಸಬೇಕಾಗಿಲ್ಲ. ಚಾಲಕನ ಕೈ ಒಂದಿಷ್ಟು ತಪ್ಪಿದರೆ ಏನಾಗಬಹುದೆಂದು ಪ್ರತಿ ಸವಾರನ ಕಣ್ಣಿಗೂ ಕಾಣುತ್ತದೆ. ಆ ಭಯದ ನಡುವೆ ಗಿರಕಿ ಬಂದಾಗ ಅದೊಂದು ಬಿಡುಗಡೆ. ಒಂದೇ ಚಲನೆಗೆ ಕಣಿವೆಯಲ್ಲಿ ಒಂದು ಅರ್ಥ, ಬಂದರಿನಲ್ಲಿ ಇನ್ನೊಂದು.

ಇದನ್ನು ಕರಾವಳಿಯವರಿಗೆ ವಿವರಿಸಬೇಕಾಗಿಲ್ಲ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಎಳೆಯ ವೀರರ ಪುಂಡುವೇಷ ಹಾಕುವ ದಿಗಿಣದ, ಅಂದರೆ ಹಾರಿ ಸುತ್ತುವ ಕುಣಿತದ, ಬಗ್ಗೆ ನಡೆಯುವ ಜಗಳ ಇದೇ. ಚಕ್ರವ್ಯೂಹಕ್ಕೆ ನುಗ್ಗುವ ಅಭಿಮನ್ಯು ದಿಗಿಣ ಹಾಕಿದರೆ ಅದು ಆ ಹುಡುಗನ ರೋಷ. ಅದೇ ದಿಗಿಣವನ್ನು ಸಂದರ್ಭವಿರಲಿ ಬಿಡಲಿ, ಚಪ್ಪಾಳೆ ಬೀಳುವವರೆಗೆ ಎಣಿಸಿ ಹಾಕಿದರೆ ಪಾತ್ರ ಹಿಂದೆ ಸರಿದು ಕಲಾವಿದನ ಮೊಣಕಾಲಷ್ಟೇ ಉಳಿಯುತ್ತದೆ. ಸಂಸ್ಕೃತ ಕಾವ್ಯಮೀಮಾಂಸಕ ಕ್ಷೇಮೇಂದ್ರ ಔಚಿತ್ಯವನ್ನು ಕಾವ್ಯದ ಜೀವ ಎಂದದ್ದು ಇಂಥದ್ದನ್ನು ಕಂಡೇ. ಅಲಂಕಾರದಲ್ಲಿ ತಪ್ಪಿಲ್ಲ, ಅದನ್ನು ತೊಡಿಸಿದ ಜಾಗದಲ್ಲಿದೆ.

ಇಲ್ಲಿ ಇಬ್ಬರು ನನ್ನನ್ನು ತಡೆಯುತ್ತಾರೆ. ಮೊದಲನೆಯವರು ಫ್ರೆಂಚ್ ಚಿಂತಕ ರೋಜೆ ಕೈವಾನನ್ನು ಹಿಡಿದು ಬರುವವರು. ಮನುಷ್ಯನ ಆಟಗಳ ಬಗ್ಗೆ 1958ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಆತ ಆಟಗಳನ್ನು ನಾಲ್ಕಾಗಿ ವಿಂಗಡಿಸಿದ: ಸ್ಪರ್ಧೆ, ಅದೃಷ್ಟ, ಅನುಕರಣೆ, ತಲೆಸುತ್ತು. ಮಕ್ಕಳು ಗರಗರ ತಿರುಗುವುದರಿಂದ ಹಿಡಿದು ಜಾತ್ರೆಯ ಯಂತ್ರಗಳವರೆಗೆ ಎಲ್ಲವೂ ನಾಲ್ಕನೆಯ ಗುಂಪಿನಲ್ಲಿವೆ. ಹಾಗಾಗಿ, ತಲೆ ಸುತ್ತಿತಲ್ಲ, ಅಷ್ಟು ಸಾಕು, ಇದರಲ್ಲಿ ಒಳ್ಳೆಯದು ಕೆಟ್ಟದ್ದು ಎಂದು ಅಳೆಯಲು ಏನಿದೆ ಎಂಬುದು ಇವರ ವಾದ. ಆದರೆ ಗುಂಪು ಮಾಡಿದ ಮಾತ್ರಕ್ಕೆ ಗುಂಪಿನೊಳಗಿನದೆಲ್ಲ ಸಮವಾಗುವುದಿಲ್ಲ. ಕೈವಾ ಕೊಟ್ಟ ಉದಾಹರಣೆಗಳಲ್ಲೇ ಮೆಕ್ಸಿಕೋದ ವೊಲಡೋರ್‌ಗಳಿದ್ದಾರೆ. ಎತ್ತರದ ಕಂಬದ ತುದಿಯಿಂದ ಹಗ್ಗಕ್ಕೆ ಕಟ್ಟಿಕೊಂಡು ತಲೆಕೆಳಗಾಗಿ ಸುತ್ತುತ್ತ ಇಳಿಯುವವರು ಅವರು. ಆ ಸುತ್ತಿನ ಹಿಂದೆ ಒಂದು ಆಚರಣೆಯಿದೆ, ಕಲಿಕೆಯಿದೆ, ಊರಿನ ನಂಬಿಕೆಯಿದೆ. ಅದನ್ನೂ ಸಿಡ್ನಿಯ ಗಿರಕಿಯನ್ನೂ ಒಂದೇ ತಕ್ಕಡಿಗೆ ಹಾಕುವುದು ವಿಮರ್ಶೆಯನ್ನು ಕೈಬಿಟ್ಟಂತೆ. ಕೈವಾನನ್ನು ಓದಿದವರು ಅವನ ಪಟ್ಟಿಯನ್ನು ಮಾತ್ರ ತಂದು ಅವನ ಸೂಕ್ಷ್ಮವನ್ನು ಅಲ್ಲೇ ಬಿಟ್ಟು ಬಂದಿದ್ದಾರೆ.

ಎರಡನೆಯವರ ಮೇಲೆ ನನಗೆ ಇನ್ನೂ ಹೆಚ್ಚಿನ ಕೋಪ. ಕಡಲೆಂದರೆ ಧ್ಯಾನ, ಕಡಲೆದುರು ಮೌನವೇ ಸರಿ, ವೇಗವೆಲ್ಲ ಅಸಂಸ್ಕೃತಿ ಎನ್ನುವವರು ಇವರು. ನಮ್ಮ ಭಾವಗೀತೆಗಳ ಕಾಲದಿಂದ ಬಂದ ಈ ಅಭ್ಯಾಸ ಇಂದಿನ ಪ್ರವಾಸ ಅಂಕಣಗಳಲ್ಲೂ ಗಟ್ಟಿಯಾಗಿದೆ. ದಡದಲ್ಲಿ ಕೂತು ನೋಡುವವನ ಕಡಲು ಅದು. ಮಲ್ಪೆಯ ಬಂದರಿನಲ್ಲಿ ಬೆಳಗಿನ ಜಾವ ದೋಣಿಗಳು ಒಳಬರುವಾಗ ನಿಂತು ನೋಡಿದವರಿಗೆ ಕಡಲಿನ ಬದುಕು ಎಷ್ಟು ಸದ್ದಿನದು, ಎಷ್ಟು ಅವಸರದ್ದು ಎಂದು ಗೊತ್ತು. ಅಳಿವೆಬಾಯಿಯಲ್ಲಿ ಅಲೆಯ ಲೆಕ್ಕ ಹಿಡಿದು ದೋಣಿ ನುಗ್ಗಿಸುವ ಮೀನುಗಾರನಿಗೆ ವೇಗ ಶೋಕಿಯಲ್ಲ, ಜೀವ ಉಳಿಸುವ ವಿದ್ಯೆ. ಎಂಜಿನ್ನಿನ ಹೊಗೆ ಮತ್ತು ಸದ್ದಿನ ಬಗ್ಗೆ ಆಕ್ಷೇಪ ಎತ್ತಲಿ, ಅದು ನ್ಯಾಯವಾದದ್ದು, ಅದಕ್ಕೆ ಕಾನೂನಿನಲ್ಲಿ ಉತ್ತರ ಹುಡುಕಬೇಕು. ಅದನ್ನು ಅಭಿರುಚಿಯ ತೀರ್ಪಾಗಿ ಬದಲಿಸಿ, ಬೋಟು ಹತ್ತಿ ಕೇಕೆ ಹಾಕಿದ ಎಪ್ಪತ್ತರ ಅಜ್ಜಿಯನ್ನು ಕೀಳಾಗಿ ಕಾಣುವುದನ್ನು ನಾನು ಒಪ್ಪುವುದಿಲ್ಲ. ಆಕೆಯ ಸಂತೋಷ ದೊಡ್ಡದು. ಆಕೆಗೆ ಸಿಕ್ಕ ಸವಾರಿ ಆ ಸಂತೋಷಕ್ಕೆ ತಕ್ಕಷ್ಟು ದೊಡ್ಡದಾಗಿರಲಿಲ್ಲ ಎಂಬುದಷ್ಟೇ ನನ್ನ ದೂರು.

ಜೆಟ್ ಬೋಟಿನ ಘನತೆ ಏನೆಂದು ತಿಳಿಯಲು ನಾವು ಭಾರತೀಯರು ದೂರ ಹೋಗಬೇಕಿಲ್ಲ. 1977ರಲ್ಲಿ ಎಡ್ಮಂಡ್ ಹಿಲರಿ ಮೂರು ಜೆಟ್ ಬೋಟುಗಳಲ್ಲಿ ಗಂಗಾಸಾಗರದಿಂದ ಗಂಗೆಯ ಪ್ರವಾಹಕ್ಕೆ ಎದುರಾಗಿ ಹಿಮಾಲಯದತ್ತ ಹೊರಟರು. ಒಂದರ ಹೆಸರು ಗಂಗಾ, ಇನ್ನೊಂದು ಕೀವಿ, ಮತ್ತೊಂದು ಏರ್ ಇಂಡಿಯಾ. ಬಿಲ್ ಹ್ಯಾಮಿಲ್ಟನ್ನನ ಮಗ ಜಾನ್ ಹ್ಯಾಮಿಲ್ಟನ್ ಚಾಲಕರಲ್ಲೊಬ್ಬ. 1965ರಲ್ಲಿ ಎವರೆಸ್ಟ್ ಏರಿದ ಭಾರತೀಯ ತಂಡದ ನಾಯಕ ಎಂ.ಎಸ್. ಕೊಹ್ಲಿ ಕೂಡ ಜೊತೆಗಿದ್ದರು. ಸುಂದರಬನದ ಕಾಲುವೆಗಳು, ಕಾಶಿಯ ಘಟ್ಟಗಳು, ಹೃಷೀಕೇಶದ ಮೇಲಿನ ಭೋರ್ಗರೆವ ಕಣಿವೆ ಎಲ್ಲವನ್ನೂ ದಾಟಿ ಹೋದ ದೋಣಿಗಳನ್ನು ನಂದಪ್ರಯಾಗದ ಬಳಿ ಒಂದು ಜಲಪಾತ ತಡೆಯಿತು. ಯಂತ್ರ ತನ್ನ ಶಕ್ತಿಯ ಕೊನೆಯ ಅಂಚಿನವರೆಗೆ ಹೋಗಿ, ನದಿಯೇ ಸಾಕು ಅಂದಲ್ಲಿ ನಿಂತ ಕಥೆ ಅದು. ಕನ್ನಡದಲ್ಲಿ ಸಿಡ್ನಿಯ ಅರ್ಧ ಗಂಟೆಗೆ ಸಿಕ್ಕಿರುವ ಪುಟಗಳಲ್ಲಿ ಹತ್ತನೇ ಒಂದು ಪಾಲಾದರೂ ಈ ಯಾನಕ್ಕೆ ಸಿಗಬೇಕಿತ್ತು.

ಸಿಡ್ನಿಯ ಸವಾರಿಯಲ್ಲಿ ಒಳ್ಳೆಯದೇನೂ ಇಲ್ಲ ಎನ್ನಲಾರೆ. ನಾನು ಹತ್ತಿದ ದೋಣಿ ಗಿರಕಿಗಳ ನಡುವೆ ಒಮ್ಮೆ ಬಂದರಿನ ಬಾಯಿಯ ಕಡೆಗೆ ನೇರ ಓಡಿತು. ಎರಡು ಬಂಡೆಗೋಡೆಗಳ ನಡುವಿನ ತೆರಪಿನಿಂದ ಪೆಸಿಫಿಕ್ ಸಾಗರದ ಉಬ್ಬು ಒಳಬರುವ ಜಾಗ ಅದು. ದೋಣಿಯ ತಳ ಅಲೆಯಿಂದ ಅಲೆಗೆ ಬಡಿಯುತ್ತಿತ್ತು. ಒಳಗಿನ ನೀರು ಮತ್ತು ಹೊರಗಿನ ನೀರು ಬೇರೆ ಎಂಬುದು ಬೆನ್ನುಹುರಿಗೇ ತಿಳಿಯಿತು. ಅಲ್ಲಿ ಚಾಲಕ ಏನನ್ನೂ ಪ್ರದರ್ಶಿಸಲಿಲ್ಲ, ಪ್ರದರ್ಶಿಸುವ ಅಗತ್ಯವೂ ಇರಲಿಲ್ಲ. ದುರದೃಷ್ಟಕ್ಕೆ ಬೇಗನೆ ಹಿಂತಿರುಗಿದೆವು, ಮತ್ತೆ ಬೆರಳು ಮೇಲೆ ತಿರುಗತೊಡಗಿತು.

ಆದ್ದರಿಂದ ಸಿಡ್ನಿಗೆ ಹೊರಟಿರುವವರಲ್ಲಿ ನನ್ನ ವಿನಂತಿ ಇಷ್ಟು. ಮಕ್ಕಳು ಪ್ರೀತಿಯಿಂದ ಜೆಟ್ ಬೋಟಿಗೆ ಟಿಕೆಟ್ ತೆಗೆಸಿದ್ದರೆ ಖಂಡಿತ ಹೋಗಿ, ಬೆನ್ನುನೋವೋ ಕುತ್ತಿಗೆ ನೋವೋ ಇದ್ದರೆ ಮಾತ್ರ ಬೇಡ. ಇನ್ನೂ ತೆಗೆಸಿಲ್ಲವಾದರೆ ಆ ಹಣವನ್ನು ಉಳಿಸಿ, ಸರ್ಕ್ಯುಲರ್ ಕೀಯಿಂದಲೇ ಹೊರಡುವ ಮ್ಯಾನ್ಲಿ ಫೆರಿ ಹತ್ತಿ. ಅದೂ ಅರ್ಧ ಗಂಟೆಯ ಪಯಣವೇ, ಬಂದರಿನ ಬಾಯಿಯ ಎದುರೇ ಹಾಯುತ್ತದೆ. ಗಾಳಿ ಜೋರಿರುವ ದಿನ ಅಷ್ಟು ದೊಡ್ಡ ಹಡಗೇ ಅಲ್ಲಿ ಹೊಯ್ದಾಡುತ್ತದೆ. ಒಪೆರಾ ಹೌಸು ಮತ್ತು ಸೇತುವೆ ಎರಡನ್ನೂ ಕಣ್ಣು ತೆರೆದುಕೊಂಡೇ ನೋಡಬಹುದು. ಜೆಟ್ ಬೋಟನ್ನು ನ್ಯೂಜಿಲೆಂಡಿನ ನದಿಗೆ ಹೋದಾಗ ಹತ್ತಿ.